ಅವ್ವನ ಫೋನಿಗೆ ಬರುತ್ತಿದ್ದ ಸಾಲದ ಕರೆ ನಿಲ್ಲಿಸಿದ್ದು

ನಮ್ಮದು ಬಾಗಲಕೋಟೆಯ ನವನಗರ. ಅವ್ವ ರೊಟ್ಟಿ ಬಡಿಯುವಾಗಲೇ ಫೋನ್ ಬರುತ್ತಿತ್ತು. ಊರಿಂದ ಯಾರೋ ಇರಬೇಕು ಅಂತ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು. ಎತ್ತಿದರೆ 'ಸಾಲ ಬೇಕಾ?' ಅನ್ನುವ ರೆಕಾರ್ಡ್ ದನಿ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿರುತ್ತಿತ್ತು. ನೋಡಿ ಹೊಟ್ಟೆ ಉರಿಯುತ್ತಿತ್ತು.

ಬ್ಲಾಕ್ ಮಾಡಿದೆ. ದಿನಾ ಹೊಸ ನಂಬರ್! ಕೊನೆಗೆ ಅವ್ವನ ಫೋನಿನಿಂದಲೇ ಇಂಗ್ಲಿಷಿನಲ್ಲಿ ಸ್ಟಾರ್ಟ್ ಎಂದು ಬರೆದು, ಜಾಗ ಬಿಟ್ಟು 0 ಹಾಕಿ, 1909ಕ್ಕೆ ಮೆಸೇಜ್ ಕಳಿಸಿದೆ. ಜಾಹೀರಾತಿನ ಕರೆ, ಮೆಸೇಜ್ ಎಲ್ಲ ತಡೆಯಲು ಇದು. ಬ್ಯಾಂಕಿನ ಓಟಿಪಿ ಎಂದಿನಂತೆ ಬರುತ್ತದೆ, ಭಯ ಬೇಡ. ಆಮೇಲೂ ಎರಡು ಕರೆ ಬಂದವು. ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಆ್ಯಪ್‌ನಲ್ಲಿ ದೂರು ಕೊಟ್ಟ ಮೇಲೆ ನಿಂತವು. ಕರೆ ಬಂದ ಮೇಲೆ ದೂರು ಕೊಡಲು ಮೊದಲು 3 ದಿನದ ಗಡುವಿತ್ತು. 2025ರ ನಿಯಮ ತಿದ್ದುಪಡಿಯಿಂದ 7 ದಿನ ಆಗಿದೆ. ದೂರಿಗೆ ಬೇಕಾಗುತ್ತದೆ, ಅದಕ್ಕೇ ಕರೆ ಬಂದ ನಂಬರ್, ತಾರೀಖು ಸುಮ್ನೆ ಅಳಿಸಬೇಡಿ.