ಸಿಟ್ಟು ನುಂಗಿಕೊಳ್ಳುವವರ ಜೊತೆ ಕೆಲಸ ಮಾಡುತ್ತಾ

ಕ್ಯಾಲಿಫೋರ್ನಿಯಾದ ಒಂದು ಕಾಲೇಜಿನಲ್ಲಿ ನಾನು ಕೌನ್ಸೆಲರ್. ಬಿಳಿಯರು, ಕಪ್ಪು ಅಮೆರಿಕನ್ನರು, ಕೊರಿಯಾ, ಮೆಕ್ಸಿಕೋ ಮೂಲದವರು, ನಮ್ಮ ಕನ್ನಡದ ಮಕ್ಕಳು, ಎಲ್ಲರೂ ಬರುತ್ತಾರೆ. ಬಂದವರಿಗೆ ಮೊದಲು ಒಂದು ಚಿಕ್ಕ ಪ್ರಶ್ನಾವಳಿ ಕೊಡುತ್ತೇನೆ. ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಗ್ರಾಸ್ ಮತ್ತು ಆಲಿವರ್ ಜಾನ್ 2003ರಲ್ಲಿ ಪ್ರಕಟಿಸಿದ್ದು. ಅದರಲ್ಲಿ 10 ಹೇಳಿಕೆಗಳಿವೆ, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ನಡೆದದ್ದನ್ನು ಬೇರೆ ಥರ ಯೋಚಿಸಿ ಸಮಾಧಾನ ಮಾಡಿಕೊಳ್ಳುತ್ತೀರಾ ಅನ್ನೋದಕ್ಕೆ ಆರು. ಒಳಗಿರುವುದನ್ನು ತೋರಿಸದೆ ನುಂಗಿಕೊಳ್ಳುತ್ತೀರಾ ಅನ್ನೋದಕ್ಕೆ ನಾಲ್ಕು.

ನುಂಗಿಕೊಳ್ಳುವುದರಲ್ಲಿ ಬಿಳಿಯ ವಿದ್ಯಾರ್ಥಿಗಳ ಅಂಕ ಉಳಿದವರಿಗಿಂತ ಕಡಿಮೆ ಅಂತ ಅವರ ಅಧ್ಯಯನದಲ್ಲೇ ಕಂಡಿತ್ತು. ಬೇರೆ ಥರ ಯೋಚಿಸುವುದರಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಅಂಕ ಜಾಸ್ತಿ ಬಂದ ಮಾತ್ರಕ್ಕೆ ನಾನು ಅದನ್ನು ತೊಂದರೆ ಅಂತ ಬರೆದುಕೊಳ್ಳುವುದಿಲ್ಲ. ಯಾರ ಎದುರು, ಯಾಕೆ ಅಂತ ಕೇಳುತ್ತೇನೆ.

ಕೊರಿಯಾ ಮೂಲದ ಹುಡುಗಿ ಅಜ್ಜಿಯ ಎದುರು ಸಿಟ್ಟು ತೋರಿಸುವುದಿಲ್ಲ. ಅದು ಅವಳಿಗೆ ಭಾರವಲ್ಲ, ಪ್ರೀತಿಯೇ. ಸಂಶೋಧಕಿ ಎಮಿಲಿ ಬಟ್ಲರ್ ಮತ್ತು ಜೊತೆಗಾರರು 2007ರಲ್ಲಿ ಬರೆದದ್ದೂ ಇದಕ್ಕೆ ಹತ್ತಿರ: ಏಷ್ಯಾದ ಮೌಲ್ಯಗಳನ್ನು ಹಿಡಿದ ಹೆಣ್ಣುಮಕ್ಕಳಲ್ಲಿ ಭಾವನೆ ಅದುಮಿಡುವುದರ ಕೆಟ್ಟ ಪರಿಣಾಮ ಕಡಿಮೆ. ಅದನ್ನು ಬದಲಾಯಿಸಲು ನಾನು ಹೋಗುವುದಿಲ್ಲ.

ಲ್ಯಾಬಿನಲ್ಲಿ ಒಬ್ಬನೇ ಕಪ್ಪು ಹುಡುಗ ಇರುತ್ತಾನೆ. ಅವನ ಕಥೆ ಬೇರೆ. ದನಿ ಸ್ವಲ್ಪ ಏರಿದರೂ 'ಸಿಟ್ಟಿನ ಮನುಷ್ಯ' ಅನ್ನುವ ಪಟ್ಟ ಕಾದಿರುತ್ತದೆ. ಅವನು ನುಂಗಿಕೊಳ್ಳುವುದು ತನ್ನನ್ನು ಕಾಪಾಡಿಕೊಳ್ಳಲು. 'ಮನಸ್ಸಿನಲ್ಲಿರುವುದನ್ನು ಹೇಳಿಬಿಡು' ಅಂತ ನಾನು ಸುಮ್ನೆ ಹೇಳಿದರೆ ಅದರ ಬೆಲೆ ತೆರುವವನು ಅವನು, ನಾನಲ್ಲ, ಅಲ್ವಾ? ಅದಕ್ಕೇ ಗೆಳೆಯರು, ಚರ್ಚು, ಅಣ್ಣನ ಫೋನು, ಎಲ್ಲಿ ಅವನು ಮನಸ್ಸು ಬಿಚ್ಚಬಹುದು ಅಂತ ಇಬ್ಬರೂ ಕೂತು ಹುಡುಕುತ್ತೇವೆ.

ನಮ್ಮ ಕಡೆಯ ಮಕ್ಕಳು 'ಏನಿಲ್ಲ ಮೇಡಂ, ಸ್ವಲ್ಪ ತಲೆನೋವು' ಅಂತಲೇ ಶುರು ಮಾಡುತ್ತಾರೆ. ನಾನೂ ತಲೆನೋವಿನಿಂದಲೇ ಶುರು ಮಾಡುತ್ತೇನೆ. ನಿದ್ದೆ, ಊಟ, ಆಮೇಲೆ ಅಮ್ಮನ ಫೋನು. ಪರೀಕ್ಷೆ ಕೆಟ್ಟರೂ 'ಎಲ್ಲಾ ಚೆನ್ನಾಗಿದೆಯಮ್ಮ' ಅಂದಿರುತ್ತಾರೆ, ಅಮ್ಮ ಕೊರಗಬಾರದು ಅಂತ. ಆದರೆ ಇಲ್ಲೇ ಹುಟ್ಟಿದ ಕನ್ನಡದ ಹುಡುಗಿ ಬಂದು ಅರ್ಧ ಗಂಟೆ ಬಿಡದೆ ಮಾತಾಡುವುದೂ ಉಂಟು. ಹೆಸರು ನೋಡಿ ಊಹಿಸಬಾರದು.

ನನ್ನದೇ ಒಂದು ಪದ್ಧತಿ ಇದೆ. ನುಂಗಿಕೊಳ್ಳುವುದರ ಬಗೆಗಿನ ಆ ನಾಲ್ಕು ಹೇಳಿಕೆಗಳಿಗೆ ಮನೆ, ಗೆಳೆಯರು, ಕೆಲಸದ ಜಾಗ ಅಂತ ಮೂರು ಸಲ ಅಂಕ ಹಾಕಿಸುತ್ತೇನೆ. ಇದು ಮೂಲ ವಿಧಾನದಲ್ಲಿಲ್ಲ, ಬರೀ ಮಾತಿಗೆ ದಾರಿ. ಮನೆಯಲ್ಲಿ 7, ಗೆಳೆಯರಲ್ಲಿ 2 ಬಂದರೆ ಮನಸ್ಸು ಬಿಚ್ಚಲು ಒಂದು ಜಾಗವಿದೆ ಅಂತ ನನಗೆ ಧೈರ್ಯ. ಮೂರೂ ಕಡೆ 6, 7 ಬಂದವರಿಗೆ ಮುಂದಿನ ವಾರವೇ ಮತ್ತೆ ಬರಲು ಹೇಳುತ್ತೇನೆ.