ಓನರ್ ಸಹಿ ಇಲ್ಲದೆ ಬರ್ಲಿನ್‌ನಲ್ಲಿ ಆನ್ಮೆಲ್ಡುಂಗ್: ನನ್ನ ಅನುಭವ

ಮನೆ ಓನರ್ ಸಹಿ ಇಲ್ಲದೆ ಬರ್ಲಿನ್‌ನಲ್ಲಿ ಆನ್ಮೆಲ್ಡುಂಗ್ (ವಾಸದ ವಿಳಾಸದ ಸರ್ಕಾರಿ ನೋಂದಣಿ) ಆಗುವುದೇ ಇಲ್ಲ ಅಂತ ನನಗೆ ಹೇಳದವರೇ ಇಲ್ಲ. ಆಗುತ್ತದೆ. ನನ್ನದು, ಹೆಂಡತಿಯದು ಎರಡೂ ಒಂದೇ ದಿನ, ಒಂದೇ ಟೇಬಲ್ ಮುಂದೆ ಆಯಿತು. ಅದೂ ಆರು ತಿಂಗಳ ಸಬ್‌ಲೆಟ್ (ಒಳಬಾಡಿಗೆ) ಮನೆಯ ವಿಳಾಸಕ್ಕೆ, ಆ ಮನೆಯ ಮೇನ್ ಟೆನೆಂಟ್ ಹಾಕಿಕೊಟ್ಟ ಸಹಿಯ ಮೇಲೆ. ಆಮೇಲೆ ಇದೇ ದಾರಿಯಲ್ಲಿ ನಮ್ಮ ಪರಿಚಯದ ಇನ್ನೂ ಕೆಲವರದ್ದು ಆಗಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸಮಸ್ಯೆ ಎಲ್ಲರಿಗೂ ಗೊತ್ತಿರುವುದೇ. ವಿಳಾಸ ದಾಖಲಾಗದೆ ಟ್ಯಾಕ್ಸ್ ನಂಬರ್ ಬರುವುದಿಲ್ಲ. ನಾನು ಹೋದ ಬ್ಯಾಂಕು ಆನ್ಮೆಲ್ಡುಂಗ್ ಕಾಗದ ತನ್ನಿ ಅಂದಿತು. ಸರಿಯಾದ ಬಾಡಿಗೆ ಮನೆ ಬೇಕೆಂದರೆ ಮೂರು ತಿಂಗಳ ಸಂಬಳದ ಚೀಟಿ ಬೇಕು, ಶೂಫಾ ರಿಪೋರ್ಟ್ (ಇಲ್ಲಿನ ಕ್ರೆಡಿಟ್ ರಿಪೋರ್ಟ್) ಬೇಕು. ಈಗಷ್ಟೇ ವಿಮಾನ ಇಳಿದವರ ಹತ್ತಿರ ಇದೆಲ್ಲ ಎಲ್ಲಿರುತ್ತದೆ? ಹೀಗಾಗಿ ನಮ್ಮವರು ಮೊದಲು ಫರ್ನಿಶ್ಡ್ ಅಪಾರ್ಟ್‌ಮೆಂಟ್ ಹಿಡಿಯುತ್ತಾರೆ. ನಾವೂ ಹಿಡಿದಿದ್ದೆವು. ತಿಂಗಳಿಗೆ ಸುಮಾರು 1800 ಯೂರೋ. ಅಷ್ಟು ಕೊಟ್ಟರೂ ಕರಾರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಆನ್ಮೆಲ್ಡುಂಗ್ ಇಲ್ಲ' ಅಂತ ಒಂದು ಸಾಲು. ಇನ್ನೊಂದು ತಿಂಗಳು ಅಲ್ಲೇ ಇದ್ದಿದ್ದರೆ ಮತ್ತೆ 1800 ಹೋಗುತ್ತಿತ್ತು, ಕೈಗೆ ಒಂದು ಕಾಗದವೂ ಬರುತ್ತಿರಲಿಲ್ಲ.

ಈ ಮಧ್ಯೆ ವಿಳಾಸ ಮಾರುವವರು ಸಿಕ್ಕರು. 300 ಯೂರೋ ಕೊಡಿ, ನಮ್ಮ ವಿಳಾಸಕ್ಕೆ ಮಾಡಿಸಿಕೊಳ್ಳಿ, ನೀವು ಎಲ್ಲಾದರೂ ಇರಿ ಅಂತ. ಇದಕ್ಕೆ ಕೈ ಹಾಕಲೇಬೇಡಿ. ವಾಸ ಇಲ್ಲದ ಕಡೆ ಹೀಗೆ ವಿಳಾಸ ಕೊಡುವುದಕ್ಕೆ ಇಲ್ಲಿನ ಕಾನೂನಿನಲ್ಲಿ 50,000 ಯೂರೋವರೆಗೆ ದಂಡ ಇದೆ. ದಂಡದ ಮಾತು ಬಿಡಿ, ನಿಮ್ಮ ಟ್ಯಾಕ್ಸ್ ನಂಬರಿನ ಕಾಗದ ಯಾರದೋ ಪೋಸ್ಟ್ ಡಬ್ಬಿಗೆ ಹೋಗಿ ಬೀಳುತ್ತದೆ. ಆಮೇಲೆ ಅದನ್ನು ಬಿಡಿಸಿಕೊಳ್ಳಲು ಇನ್ನೊಂದು 100 ಕೊಡಬೇಕಾಗಿ ಬಂದ ಹುಡುಗನನ್ನು ನೋಡಿದ್ದೇನೆ.

ನನ್ನ ದಾರಿಗೆ ಆಧಾರ 2015ರ ನವೆಂಬರ್‌ನಿಂದ ಜಾರಿಯಲ್ಲಿರುವ ವಿಳಾಸ ನೋಂದಣಿ ಕಾನೂನು ಬುಂಡೆಸ್‌ಮೆಲ್ಡೆಗೆಸೆಟ್ಸ್, ಅದರ 19ನೇ ಸೆಕ್ಷನ್. ಮನೆಗೆ ಬಂದ ಎರಡು ವಾರದೊಳಗೆ ನೋಂದಾಯಿಸಬೇಕು ಅನ್ನುವ 17ನೇ ಸೆಕ್ಷನ್ ಎಲ್ಲರ ಬಾಯಲ್ಲೂ ಇದೆ, 19ನ್ನು ಯಾರೂ ಓದುವುದಿಲ್ಲ. ಅದು ಕೇಳುವುದು 'ವೋನುಂಗ್ಸ್‌ಗೇಬರ್' ಸಹಿ. ಅಂದರೆ ನಿಮಗೆ ಮನೆ ಕೊಟ್ಟವರು ಯಾರೋ ಅವರ ಸಹಿ. ಓನರ್ ಹತ್ತಿರ ಬಾಡಿಗೆಗೆ ಪಡೆದು ನಿಮಗೆ ಒಳಬಾಡಿಗೆಗೆ ಕೊಟ್ಟ ಮೇನ್ ಟೆನೆಂಟ್ ಕೂಡ ಇದರಲ್ಲಿ ಬರುತ್ತಾನೆ. ಅವನು ಓನರ್ ಅಲ್ಲದಿದ್ದರೆ ಫಾರ್ಮಿನಲ್ಲಿ ಓನರ್ ಹೆಸರು ಬರೆಯಬೇಕು, ಅಷ್ಟೇ. ಓನರ್ ಸಹಿ ಬೇಕು ಅಂತ ಎಲ್ಲೂ ಇಲ್ಲ. ಇನ್ನೊಂದು ವಿಷಯ: ಬಾಡಿಗೆ ಕರಾರು ತೋರಿಸಿದರೆ ನಡೆಯುತ್ತದೆ ಅನ್ನುವವರ ಮಾತು ಕೇಳಬೇಡಿ. ಅದು ಮನೆ ಕೊಟ್ಟವರು ಸಹಿ ಹಾಕಿದ ಈ ಫಾರ್ಮಿನ ಬದಲಿಗೆ ಆಗುವುದಿಲ್ಲ.

ನಮ್ಮ ಆಫೀಸಿನ ಸೀನಿಯರ್ ಒಬ್ಬರಿಗೆ ಇದನ್ನು ತೋರಿಸಿದೆ. "ಗುರೂ, ಸೆಕ್ಷನ್ ಎಲ್ಲಾ ಪುಸ್ತಕದಲ್ಲಿ ಚೆನ್ನಾಗಿರುತ್ತೆ. ಟೇಬಲ್ ಹಿಂದೆ ಕೂತವರು ಓನರ್ ಸಹಿ ಇಲ್ದೆ ಮುಟ್ಟಲ್ಲ. ಸುಮ್ನೆ ಅಪಾಯಿಂಟ್‌ಮೆಂಟ್ ಹಾಳು ಮಾಡ್ಕೋಬೇಡ" ಅಂದರು. ಅವರು ಹತ್ತು ವರ್ಷದಿಂದ ಇಲ್ಲಿರುವವರು, ನಾನು ಬಂದು ತಿಂಗಳೂ ಆಗಿರಲಿಲ್ಲ. ಆದರೂ ಬಿಡಲಿಲ್ಲ.

ಹುಡುಕಿದ್ದು ಅರ್ಧ ವರ್ಷ ಊರು ಬಿಟ್ಟು ಹೋಗುವ ಬಾಡಿಗೆದಾರರನ್ನು. ಓದಲು ಸ್ಪೇನಿಗೆ ಹೊರಟಿದ್ದ ಒಬ್ಬ ಹುಡುಗ ಸಿಕ್ಕ. ಒಂದೂವರೆ ರೂಮಿನ ಮನೆ, ಹೀಟಿಂಗ್ ಎಲ್ಲ ಸೇರಿ ತಿಂಗಳಿಗೆ 900ರಿಂದ 950 ಯೂರೋ ಒಳಗೆ, ಡೆಪಾಸಿಟ್ ಸುಮಾರು ಸಾವಿರ. ಇಂಥವರಿಗೆ ದಿನಕ್ಕೆ ನೂರಾರು ಮೆಸೇಜ್ ಬರುತ್ತವೆ. ನನ್ನ ಮೆಸೇಜಿಗೆ ಉತ್ತರ ಬರುವ ಹಾಗೆ ಅದರ ಮೊದಲ ಎರಡು ಸಾಲು ಹೇಗೆ ಬರೆದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಎಲ್ಲರೂ ಅದನ್ನೇ ಕಾಪಿ ಮಾಡಿದರೆ ಕೆಲಸ ಮಾಡುವುದು ನಿಲ್ಲುತ್ತದೆ. ಇಷ್ಟು ಹೇಳಬಲ್ಲೆ: ಅದರಲ್ಲಿ ಸಂಬಳದ ಮಾತು ಇರಲಿಲ್ಲ.

ಅವನ ಹತ್ತಿರ ಎರಡು ಕೇಳಿದೆ. ಒಂದು, ಓನರ್ ಒಳಬಾಡಿಗೆಗೆ ಒಪ್ಪಿದ ಈಮೇಲ್. ಪೂರ್ತಿ ಮನೆ ಬಿಟ್ಟುಕೊಡುವಾಗ ಓನರ್ ಒಪ್ಪಿಗೆ ಬೇಕೇ ಬೇಕು, ಅದಿಲ್ಲದಿದ್ದರೆ ನಾಳೆ ಅವನ ಜೊತೆ ನಾವೂ ಬೀದಿಗೆ. ಎರಡು, ಕೀಲಿ ಕೈ ಕೊಡುವ ದಿನವೇ ಮನೆ ಕೊಟ್ಟವರು ಕೊಡಬೇಕಾದ ಆ ಫಾರ್ಮಿಗೆ ಪೆನ್ನಿನಲ್ಲಿ ಸಹಿ. ಡೆಪಾಸಿಟ್ ದುಡ್ಡು ಅದೇ ಕ್ಷಣಕ್ಕೆ. ಅವನು ವಿಮಾನ ಹತ್ತಿದ ಮೇಲೆ ಸ್ಕ್ಯಾನ್ ಕಳಿಸುತ್ತೇನೆ ಅಂದರೆ ಒಪ್ಪುವ ಪ್ರಶ್ನೆಯೇ ಇರಲಿಲ್ಲ.

ಆ ಕಾಗದ ಒಂದೇ ಪುಟ. ಮೇಲೆ ಕೊಡುವವನ ಹೆಸರು, ವಿಳಾಸ. ಆಮೇಲೆ ಮನೆಯ ವಿಳಾಸ, ಒಳಗೆ ಬಂದ ತಾರೀಖು, ಬರುವವರೆಲ್ಲರ ಹೆಸರು. ಕೆಳಗೆ ಎರಡು ಚೌಕ: ಸಹಿ ಹಾಕುವವನೇ ಓನರ್ ಅಥವಾ ಓನರ್ ಅಲ್ಲ. ಎರಡನೆಯದಕ್ಕೆ ಟಿಕ್ ಹಾಕಿದರೆ ಪಕ್ಕದ ಗೆರೆಯಲ್ಲಿ ಓನರ್ ಹೆಸರು ಬರೆಯಬೇಕು. ನಮ್ಮ ಓನರ್ ಒಂದು ಕಂಪನಿ, ಅದರ ಪೂರ್ತಿ ಹೆಸರನ್ನು ಹುಡುಗನ ಬಾಡಿಗೆ ಕರಾರು ನೋಡಿ ಅಕ್ಷರ ಬಿಡದೆ ಬರೆಸಿದೆ. ತಾರೀಖಿನ ಜಾಗದಲ್ಲಿ ನಿಜವಾಗಿ ಮನೆಗೆ ಬಂದ ದಿನವೇ ಇರಬೇಕು. ಮುಂದಿನ ತಾರೀಖು ಹಾಕಿಕೊಂಡು ಮೊದಲೇ ಹೋದರೆ ಮಾಡಿಕೊಡುವುದಿಲ್ಲ.

ಅಪಾಯಿಂಟ್‌ಮೆಂಟ್ ಬೇಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆನ್ಮೆಲ್ಡುಂಗ್ ಮಾಡಿಕೊಡುವ ಸರ್ಕಾರಿ ಕಚೇರಿಯೇ ಬ್ಯುರ್ಗರಾಮ್ಟ್. ನಿಮ್ಮ ಏರಿಯಾದ ಬ್ಯುರ್ಗರಾಮ್ಟ್‌ಗೇ ಹೋಗಬೇಕು ಅಂತ ಇಲ್ಲ, ಬರ್ಲಿನ್‌ನ 12 ಜಿಲ್ಲೆಗಳಲ್ಲಿ ಯಾವುದಾದರೂ ನಡೆಯುತ್ತದೆ. ಇದು ಗೊತ್ತಿದ್ದೂ ಜನ ಊರ ನಡುವಿನ ಮಿಟ್ಟೆ, ಕ್ರೊಯ್ಟ್ಸ್‌ಬೆರ್ಗ್ ಅಂತ ಕೂರುತ್ತಾರೆ. ಹೊರವಲಯದ ಸ್ಪಾಂಡೌ, ಮಾರ್ತ್ಸಾನ್, ಕ್ಯೋಪೆನಿಕ್ ಕಡೆ ನೋಡಿ. ಯಾರೋ ಕ್ಯಾನ್ಸಲ್ ಮಾಡಿದ್ದು ಬೆಳಿಗ್ಗೆ 8ರ ಸುತ್ತ ಕಾಣಿಸುತ್ತದೆ. ನನಗೆ ಸಿಕ್ಕಿದ್ದು ಇನ್ನೊಂದು ಹೊತ್ತಿನಲ್ಲಿ, ಅದನ್ನು ಹತ್ತಿರದವರಿಗೆ ಮಾತ್ರ ಹೇಳುತ್ತೇನೆ. ಸ್ಲಾಟ್ ಹಿಡಿದುಕೊಡಲು 30–40 ಯೂರೋ ಕೇಳುವವರಿಗೆ ಕೊಡಬೇಡಿ. ಸರ್ಕಾರಿ ಸಹಾಯವಾಣಿ 115ಕ್ಕೆ ಫೋನ್ ಮಾಡುವ ಪ್ರಯೋಗವನ್ನೂ ಮಾಡಿದೆ. ತಾಳ್ಮೆ ಇದ್ದರೆ ಅಲ್ಲೂ ಬುಕ್ ಮಾಡಿಕೊಡುತ್ತಾರೆ, ಆದರೆ ನನಗೆ ಹೇಳಿದ ತಾರೀಖು ವೆಬ್‌ಸೈಟಿನಲ್ಲಿ ಸಿಕ್ಕಿದ್ದಕ್ಕಿಂತ ದೂರ ಇತ್ತು. ನಮ್ಮ ಸ್ಲಾಟ್ ಎರಡು ವಾರದ ಗಡುವು ದಾಟಿ ಇತ್ತು. ದಂಡ 1000 ಯೂರೋವರೆಗೆ ಹಾಕಬಹುದು ಅಂತ ಕಾನೂನು ಹೇಳಿದರೂ, ಗಡುವಿನೊಳಗೆ ಬುಕ್ ಮಾಡಿದ ಈಮೇಲ್ ಪ್ರಿಂಟ್ ಇಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ.

ಮೊದಲು ಹೋದ ಆಫೀಸಿನಲ್ಲಿ ಸೀನಿಯರ್ ಹೇಳಿದ್ದೇ ಆಯಿತು. ಟೇಬಲ್‌ನಲ್ಲಿದ್ದವರು ಕಾಗದ ನೋಡಿ, ಓನರ್ ಸಹಿ ಎಲ್ಲಿ ಅಂದರು. ನನ್ನ ಅರೆಬರೆ ಜರ್ಮನ್‌ನಲ್ಲಿ ಹೇಳಿದೆ, ಕೇಳಲಿಲ್ಲ. ಐದು ನಿಮಿಷಕ್ಕೆ ಹೊರಗೆ. ಹೊರಗೆ ಬಂದ ಮೇಲೆ ಹೆಂಡತಿ "ರೀ, ಅವರು ಓನರ್ ಅಲ್ಲ ಅನ್ನೋ ಚೌಕ ನೋಡ್ಲೇ ಇಲ್ಲ" ಅಂದಳು. ಸರಿಯಾಗಿ ಹಿಡಿದಿದ್ದಳು. ಅವರ ಕಣ್ಣು ಸೀದಾ ಸಹಿಗೆ ಹೋಗಿತ್ತು.

ಮುಂದಿನ ಸಲ ಬೇರೆ ಆಫೀಸು, ಅದೇ ಕಾಗದ. ಬದಲಾಯಿಸಿದ್ದು ಕಾಗದ ಕೊಡುವ ಕ್ರಮ. ಮೊದಲು ಓನರ್ ಒಪ್ಪಿಗೆಯ ಈಮೇಲ್ ಪ್ರಿಂಟ್ ಇಟ್ಟೆ, ಅದರ ಮೇಲೆ ಒಳಬಾಡಿಗೆ ಕರಾರು, ಆಮೇಲೆ ಈ ಕಾಗದ. 19ನೇ ಸೆಕ್ಷನ್ ಪ್ರಿಂಟ್ ಫೈಲಿನ ಕೊನೆಯಲ್ಲಿತ್ತು, ತೆಗೆಯಬೇಕಾಗಿ ಬರಲಿಲ್ಲ. ಕೂತ ಕೂಡಲೇ, ಇದು ಒಳಬಾಡಿಗೆ, ಮನೆ ಕೊಟ್ಟವರು ಮೇನ್ ಟೆನೆಂಟ್ ಅಂತ ಜರ್ಮನ್‌ನಲ್ಲಿ ಬಾಯಿಪಾಠ ಮಾಡಿದ್ದ ಎರಡು ವಾಕ್ಯ ಹೇಳಿದೆ. ಅವರು ತಲೆಯಾಡಿಸಿ ಟೈಪ್ ಮಾಡಲು ಶುರು ಮಾಡಿದರು. ಓನರ್ ಮಾತೇ ಬರಲಿಲ್ಲ.

ತಡವಾಗಿದ್ದು ಹೆಂಡತಿಯ ಹೆಸರಿಗೆ. ನಮ್ಮಲ್ಲಿ ಬಹಳ ಜನರಿಗೆ ಇರುವ ಹಾಗೆ ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಇಲ್ಲಿನ ಕಂಪ್ಯೂಟರಿಗೆ ಕುಟುಂಬದ ಹೆಸರು ಇಲ್ಲದೆ ಮುಂದೆ ಹೋಗಲು ಆಗುವುದಿಲ್ಲ. ಅವರು ಪಕ್ಕದ ಟೇಬಲ್‌ನವರನ್ನು ಕೇಳಿಕೊಂಡು ಬಂದು, ಇರುವ ಒಂದೇ ಹೆಸರನ್ನು ಕುಟುಂಬದ ಹೆಸರಿನ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ಗೆರೆ ಎಳೆದರು. ಹೊರಡುವ ಮುಂಚೆ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಹಾಕಿಸಿಕೊಳ್ಳಲು ಆಗುವವರು ಹಾಕಿಸಿಕೊಳ್ಳಿ. ಒಮ್ಮೆ ಇಲ್ಲಿ ಹೀಗೆ ಬಿದ್ದರೆ ಇನ್ಶೂರೆನ್ಸ್ ಕಾರ್ಡಿನವರೆಗೂ ಅದೇ ಓಡುತ್ತದೆ.

ಮದುವೆ ಸರ್ಟಿಫಿಕೇಟ್ ಅದೇ ದಿನ ಕೊಟ್ಟಿದ್ದು ದುಡ್ಡಿನ ದೃಷ್ಟಿಯಿಂದ ದೊಡ್ಡ ಕೆಲಸ. ಸಬ್ ರಿಜಿಸ್ಟ್ರಾರ್ ಕೊಟ್ಟ ಇಂಗ್ಲಿಷ್ ಪ್ರತಿಗೆ ಊರಿನಲ್ಲೇ ಅಪೊಸ್ಟಿಲ್ (ಕಾಗದ ಅಸಲಿ ಅಂತ ವಿದೇಶಕ್ಕೆ ತೋರಿಸುವ ಸರ್ಕಾರಿ ಸ್ಟಿಕ್ಕರ್) ಮಾಡಿಸಿಕೊಂಡು ಬಂದಿದ್ದೆವು. ಕನ್ನಡದಿಂದ ನೇರ ಜರ್ಮನ್‌ಗೆ ಮಾಡುವ ಪ್ರಮಾಣಿತ ಅನುವಾದಕರು ನನಗೆ ಸಿಗಲಿಲ್ಲ, ಇಂಗ್ಲಿಷಿನಿಂದ ಮಾಡಿಸಿದೆ, 70–80 ಯೂರೋ ಆಯಿತು. ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಹೇಳಿತ್ತು. ಹಾಗಾಗಿ ನಮ್ಮ ಸ್ಟಿಕ್ಕರನ್ನು ಒಪ್ಪುವುದು, ಬಿಡುವುದು ಆಫೀಸಿಂದ ಆಫೀಸಿಗೆ ಬೇರೆ. ನಮಗೆ ಒಪ್ಪಿದರು. ಬೇರೆ ಊರಿನಲ್ಲಿರುವ ಗೆಳೆಯನಿಗೆ ಒಪ್ಪಲಿಲ್ಲ, ಅವನು ಮದುವೆಯಾಗಿದ್ದೂ ಬಹಳ ಕಾಲ ಒಂಟಿಯವರ ಒಂದನೇ ಕ್ಲಾಸಿನ ಟ್ಯಾಕ್ಸ್ ಕಟ್ಟಿದ. ನಮಗೆ ಮದುವೆಯಾದವರ ನಾಲ್ಕನೇ ಕ್ಲಾಸ್ ತಾನಾಗಿ ಬಂತು. ಹೆಂಡತಿಗೆ ಕೆಲಸ ಇಲ್ಲದ ಕಾರಣ ಅರ್ಜಿ ಹಾಕಿ ಮೂರಕ್ಕೆ ಬದಲಾಯಿಸಿಕೊಂಡೆ. ತಿಂಗಳ ಕೈಸಂಬಳದಲ್ಲಿ 350ರಿಂದ 400 ಯೂರೋ ವ್ಯತ್ಯಾಸ.

ಆನ್ಮೆಲ್ಡುಂಗ್ ಫಾರ್ಮಿನಲ್ಲಿ ಧರ್ಮದ ಕಾಲಂ ಇದೆ. ಇದು ಸುಮ್ನೆ ಕೇಳುವುದಲ್ಲ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಅಂತ ದಾಖಲಾದರೆ ಚರ್ಚ್ ಟ್ಯಾಕ್ಸ್ ಶುರು. ಬರ್ಲಿನ್‌ನಲ್ಲಿ ಆದಾಯ ತೆರಿಗೆಯ ಮೇಲೆ 9 ಪರ್ಸೆಂಟ್, ಬವೇರಿಯಾದಲ್ಲಿ 8. ಮಂಗಳೂರಿನ ಕ್ಯಾಥೊಲಿಕ್ ಗೆಳೆಯ ಗೊತ್ತಿದ್ದೇ ಬರೆದ, ತಿಂಗಳಿಗೆ 60 ಯೂರೋ ಮೇಲೆ ಹೋಗುತ್ತದೆ, ಅವನಿಗೆ ಅದು ಸಮಾಧಾನ. ಗೊತ್ತಿಲ್ಲದೆ ಬರೆಯುವುದು ಬೇಡ ಅನ್ನುವುದಷ್ಟೇ ನನ್ನ ಮಾತು.

ಈಗ ಎಲ್ಲರೂ ಮರೆಯುವ ಪೋಸ್ಟ್ ಡಬ್ಬಿ. ಇಲ್ಲಿ ಸಾಮಾನ್ಯವಾಗಿ ವಿಳಾಸದಲ್ಲಿ ಮನೆ ನಂಬರ್ ಇರುವುದಿಲ್ಲ, ಕಟ್ಟಡದ ನಂಬರ್ ಅಷ್ಟೇ. ಪೋಸ್ಟ್‌ಮ್ಯಾನ್ ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾನೆ. ಹುಡುಗನ ಹೆಸರಿನ ಕೆಳಗೆ ನನ್ನ ಸರ್‌ನೇಮ್ ಪ್ರಿಂಟ್ ಮಾಡಿ, ಅಗಲದ ಟೇಪ್ ಹಾಕಿ ಅಂಟಿಸಿದ್ದೆ. ಟ್ಯಾಕ್ಸ್ ನಂಬರ್ ಬರುವವರೆಗೆ ಕಾಯುವ ಬದಲು ಒಂದು ಪರೀಕ್ಷೆ ಮಾಡಿದೆ. ನಮ್ಮಿಬ್ಬರ ಹೆಸರಿಗೂ ಬೇರೆ ಬೇರೆ ಖಾಲಿ ಕವರ್ ಪೋಸ್ಟ್ ಮಾಡಿದೆ, ಕಳಿಸಿದವರ ಜಾಗದಲ್ಲಿ ಗೆಳೆಯನ ಮನೆಯ ವಿಳಾಸ. ಒಂದೊಂದಕ್ಕೆ ಒಂದು ಯೂರೋಕ್ಕಿಂತ ಕಮ್ಮಿ ಸ್ಟಾಂಪು. ನನ್ನದು ಮಾರನೇ ದಿನವೋ ಅದರ ಮಾರನೇ ದಿನವೋ ಬಂತು. ಅವಳದು ಗೆಳೆಯನ ಮನೆಗೆ ವಾಪಸ್ ಹೋಯಿತು. ಅವಳ ಹೆಸರು ಡಬ್ಬಿಯ ಮೇಲೆ ಇರಲಿಲ್ಲ, ನನ್ನ ಸರ್‌ನೇಮ್ ಅವಳಿಗೆ ಇಲ್ಲ. ಅವತ್ತೇ, ಆನ್ಮೆಲ್ಡುಂಗ್ ಕಾಗದದಲ್ಲಿ ಹೇಗಿದೆಯೋ ಹಾಗೇ ಅವಳ ಹೆಸರು ಸೇರಿಸಿದೆ. ಮುಂದಿನ ಕವರ್ ಬಂತು. ಮೂರು ಸ್ಟಾಂಪಿನ ಖರ್ಚಿನಲ್ಲಿ ನಮ್ಮ 11 ಅಂಕಿಯ ನಂಬರುಗಳು ದಾರಿ ತಪ್ಪದೆ ಬಂದವು.

ಬಂದಿದ್ದು ಮೂರು ವಾರದ ಹತ್ತಿರ ಆದ ಮೇಲೆ. ನನ್ನದು ಮಾತ್ರ ಅಷ್ಟರೊಳಗೆ ಸಿಕ್ಕಿತ್ತು: ಪಾಸ್‌ಪೋರ್ಟ್, ಆನ್ಮೆಲ್ಡುಂಗ್ ಕಾಗದ ಹಿಡಿದು ತೆರಿಗೆ ಕಚೇರಿ ಫಿನಾನ್ಸ್‌ಆಮ್ಟ್‌ಗೆ ಹೋಗಿ ಕೇಳಿದೆ, ಬರೆದುಕೊಟ್ಟರು. ಸಂಬಳದ ದಿನ ಹತ್ತಿರ ಇದ್ದವರು ಇದನ್ನು ಪ್ರಯತ್ನಿಸಿ. ನಂಬರ್ ಇಲ್ಲದೆ, ಅತಿ ಹೆಚ್ಚು ತೆರಿಗೆ ಹಿಡಿಯುವ ಆರನೇ ಕ್ಲಾಸಿನಲ್ಲಿ ಸಂಬಳ ಆದರೆ ನನ್ನ ಲೆಕ್ಕದಲ್ಲಿ ತಿಂಗಳಿಗೆ 500ಕ್ಕೂ ಜಾಸ್ತಿ ಹಿಡಿಯುತ್ತಿದ್ದರು. ಆಮೇಲೆ ವಾಪಸ್ ಬರುತ್ತದೆ, ನಿಜ. ಆದರೆ ಮೊದಲ ತಿಂಗಳೇ ಅಲ್ವಾ ದುಡ್ಡು ಬೇಕಾಗಿರುವುದು.

ರೇಡಿಯೋ ಟಿವಿ ಶುಲ್ಕದ ಕಾಗದವೂ ಹಿಂದೆಯೇ ಬಂತು, ತಿಂಗಳಿಗೆ 18.36 ಯೂರೋ. ಇದು ಮನೆಗೆ ಒಂದು, ತಲೆಗೆ ಒಂದಲ್ಲ. ಹುಡುಗ ಆ ಮನೆಗೆ ಕಟ್ಟುತ್ತಲೇ ಇದ್ದ. ಅವನ ಶುಲ್ಕದ ನಂಬರ್ ಬರೆದು ಕಳಿಸಿದೆ, ನಮ್ಮದು ಕೈಬಿಟ್ಟರು. ಅವನಿಗೆ ಆ ದುಡ್ಡನ್ನು ಬಾಡಿಗೆ ಜೊತೆ ಕೊಟ್ಟೆ.

ಆನ್ಮೆಲ್ಡುಂಗ್‌ಗೆ ಆಫೀಸಿನಲ್ಲಿ ಒಂದು ಪೈಸೆ ಶುಲ್ಕ ಇಲ್ಲ. ಅನುವಾದ, ಪ್ರಿಂಟ್, ಸ್ಟಾಂಪು, ಓಡಾಟದ ಟಿಕೆಟ್ ಎಲ್ಲ ಸೇರಿ ನಮಗೆ 120 ಯೂರೋ ಒಳಗೆ ಮುಗಿಯಿತು. ಫರ್ನಿಶ್ಡ್ ಮನೆಯಲ್ಲೇ ಆರು ತಿಂಗಳು ಇದ್ದಿದ್ದರೆ ಬಾಡಿಗೆಯಲ್ಲೇ ಐದು ಸಾವಿರ ಹೆಚ್ಚು ಹೋಗುತ್ತಿತ್ತು. ಆ ಆರು ತಿಂಗಳಲ್ಲಿ ಸಂಬಳದ ಚೀಟಿ, ಶೂಫಾ ಎರಡೂ ಆಗಿ ನಮ್ಮ ಹೆಸರಿಗೇ ಮನೆ ಸಿಕ್ಕಿತು. ಹೊಸ ವಿಳಾಸಕ್ಕೆ ಉಮ್ಮೆಲ್ಡುಂಗ್ (ವಿಳಾಸ ಬದಲಾವಣೆ) ಮಾಡಿಸಲು ಹೋಗುವಾಗ ರೆಸಿಡೆನ್ಸ್ ಕಾರ್ಡನ್ನೂ ಒಯ್ಯಿರಿ. ಹೊಸ ವಿಳಾಸದ ಸ್ಟಿಕ್ಕರನ್ನು ಅಲ್ಲೇ ಅಂಟಿಸಿಕೊಡುತ್ತಾರೆ, ಅದಕ್ಕೆ ಇನ್ನೊಂದು ಅಪಾಯಿಂಟ್‌ಮೆಂಟ್ ಬೇಕಿಲ್ಲ.