ಮೊದಲ ಪೆಗ್ಗಿಗೆ ಮುಂಚೆ ಕೀ ಡಬ್ಬಿಗೆ: ನನ್ನ ಅನುಭವ

"ಕುಡಿದೋನು ತಾನೇ ಹೋಗಿ ಬೀಗ ಹಾಕ್ಕೊಳ್ತಾನಾ? ನಿಂಗೆ ತಲೆ ಕೆಟ್ಟಿದೆ ಕಣೋ." ಕುಡಿಯುವ ಮುಂಚೆ ಬೈಕಿನ ಕೀ ಒಳಗೆ ಹಾಕಿ ಬೀಗ ಹಾಕುವ, ಆಮೇಲೆ ಊದಿ ಪಾಸಾದರೆ ಮಾತ್ರ ಕೀ ವಾಪಸ್ ಕೊಡುವ ಡಬ್ಬಿ ಮಾಡ್ತೀನಿ ಅಂದಾಗಿನಿಂದ ಎರಡು ವರ್ಷ ಇದೇ ಮಾತು ಕೇಳಿದ್ದೇನೆ. ಈಗ ನನ್ನ ಬಾಮೈದನ ಗ್ಯಾಂಗಿನಲ್ಲೇ ನಾಲ್ಕು ಡಬ್ಬಿ ಓಡಾಡುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಹಾಸನದಲ್ಲಿ ನನ್ನದು ಟೀವಿ, ಯುಪಿಎಸ್ ರಿಪೇರಿ ಅಂಗಡಿ. ಮೊದಲು ಎಲ್ಲರ ಹಾಗೆ ನಾನೂ ಉಸಿರಿನಲ್ಲಿ ಆಲ್ಕೋಹಾಲ್ ಇದೆಯಾ ಅಂತ ಹಿಡಿಯುವ ಎಂಕ್ಯೂ-3 ಸೆನ್ಸರ್, ಅದನ್ನು ಓದುವ ನ್ಯಾನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್ಚು ಅಂದ್ರೆ ಒಂದು ರಿಲೇ ತಂದು ಬೈಕಿನ ಇಗ್ನಿಷನ್ ವೈರಿಗೆ ಸೇರಿಸಿದೆ. ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟು ಅಂದ್ರೆ ಅದೇ ಅಲ್ವಾ. ಮೂರನೇ ಮಳೆಗೆ ರಿಲೇ ಅಂಟಿಕೊಂಡು ಕೂತಿತು. ಅದೂ ಅಲ್ಲದೆ ತನ್ನ ಬೈಕಿನ ವೈರು ಕತ್ತರಿಸೋಕೆ ಯಾರು ಬಿಡ್ತಾರೆ? ಬೈಕಿನ ತಂಟೆಯೇ ಬೇಡ, ಕೀಯನ್ನೇ ಹಿಡಿದಿಟ್ಟುಕೊಳ್ಳೋಣ ಅಂತ ಹೊಳೆದದ್ದು ಆಗ. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ. ಗ್ಲಾಸು ಮುಟ್ಟುವ ಮುಂಚೆ ಕೀ ಒಳಗೆ ಹಾಕಿ ಮುಚ್ಚಬೇಕು. ಆಮೇಲೆ ಊದಿ ಪಾಸಾದರೆ ಮಾತ್ರ ಸರ್ವೋ ಅನ್ನೋ ಪುಟ್ಟ ಮೋಟಾರು ತಿರುಗಿ ಚಿಲಕ ಬಿಡುತ್ತೆ. ಮೇಲಿನ ಪ್ರಶ್ನೆಗೆ ಉತ್ತರ ಇಷ್ಟೇ: ಬೀಗ ಹಾಕೋನು ಇನ್ನೂ ಕುಡಿದಿರಲ್ಲ.

ನಾನು ಆರು ತಿಂಗಳು ಹಾಳು ಮಾಡಿದ್ದು ನಂಬರಿನ ಹಿಂದೆ ಬಿದ್ದು. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್, ಅದನ್ನೇ ಪರದೆಯ ಮೇಲೆ ತೋರಿಸಬೇಕು ಅನ್ನೋ ಹುಚ್ಚು. ಎಂಕ್ಯೂ-3ಗೆ ಆ ಯೋಗ್ಯತೆ ಇಲ್ಲ ಮಾರಾಯ್ರೆ. ಸಕಲೇಶಪುರದ ಮಳೆಯಲ್ಲಿ ಒಂದು ನಂಬರು, ಹಾಸನದ ಬಿಸಿಲಲ್ಲಿ ಇನ್ನೊಂದು. ಹೋಲಿಸಿ ನೋಡೋಕೆ ಅಂತ ಫ್ಯೂಯೆಲ್ ಸೆಲ್ ಅನ್ನೋ ಇನ್ನೂ ನಿಖರವಾದ ಸೆನ್ಸರ್ ಇರುವ, ಊದಿ ನೋಡುವ ಮೀಟರು ತರಿಸಿದೆ, ನಾಲ್ಕು ಸಾವಿರದ ಹತ್ತಿರ ಹೋಯ್ತು, ಮನೆಯಲ್ಲಿ ಬಿಲ್ಲು ಸಿಕ್ಕಿ ಅದೊಂದು ರಾಮಾಯಣ. ಕೊನೆಗೆ ನಂಬರು ಬಿಟ್ಟೆ. ಊದುವ ಮುಂಚಿನ ಗಾಳಿಗೂ ಊದಿದ ಮೇಲಿನ ಗಾಳಿಗೂ ಎಷ್ಟು ಪಟ್ಟು ವ್ಯತ್ಯಾಸ, ಅಷ್ಟನ್ನೇ ನೋಡುತ್ತೇನೆ. ಕುಡಿದಿದ್ದಾನಾ, ಇಲ್ವಾ. ಎಷ್ಟು ಪಟ್ಟು ಅಂತ ಮಾತ್ರ ಕೇಳಬೇಡಿ.

ಸೆನ್ಸರ್ ಕೆಲಸ ಮಾಡೋಕೆ ಅದರೊಳಗಿನ ಪುಟ್ಟ ಹೀಟರು ಬಿಸಿಯಾಗಿರಬೇಕು, ಅದು 150 ಮಿಲಿಆಂಪ್ ಕರೆಂಟು ತಿನ್ನುತ್ತೆ. ನನಗೆ ಗೊತ್ತಿತ್ತು. ಆದರೂ ಇಡೀ ರಾತ್ರಿ ಆನ್ ಇಟ್ಟು, ಬೆಳಿಗ್ಗೆ ಡಬ್ಬಿಯ ಬ್ಯಾಟರಿ ಸತ್ತು, ಒಂದು ಹನಿಯೂ ಕುಡಿಯದ ನಮ್ಮ ಭಾವನ ಕೀ ಒಳಗೇ ಉಳಿದು, ಮದುವೆ ಛತ್ರದ ಅಡುಗೆಯವರ ಹತ್ತಿರ ಚಾಕು ಇಸ್ಕೊಂಡು ಡಬ್ಬಿ ಕೊಯ್ದೆವು. ಈಗ ಬಟನ್ ಒತ್ತಿದಾಗ ಮಾತ್ರ ಹೀಟರು, ಎರಡು ಮೂರು ನಿಮಿಷ ಕಾಯಬೇಕು. ಹಿಂದೆ ಒಂದು ಸ್ಕ್ರೂ, ಅದರ ಮೇಲೆ ಕಾಗದದ ಸೀಲು. ತುರ್ತಿಗೆ ಹರಿದು ತೆಗೆಯಬಹುದು, ಹರಿದದ್ದು ಎಲ್ಲರಿಗೂ ಕಾಣುತ್ತೆ. ಸರ್ವೋ ಕರೆಂಟು ಎಳೆದ ರಭಸಕ್ಕೆ ಬೋರ್ಡು ರೀಸೆಟ್ ಆಗುತ್ತಿದ್ದದ್ದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು.

ಸುಮ್ನೆ ಏನೇನೋ ಊದಿಸಿಯೂ ನೋಡಿದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಮುಕ್ಕಳಿಸಿದರೆ ಕುಡುಕನಿಗಿಂತ ಜಾಸ್ತಿ ತೋರಿಸುತ್ತೆ, ಕಾಲು ಗಂಟೆಯಲ್ಲಿ ಇಳಿಯುತ್ತೆ. ಕೈಗೆ ಸ್ಯಾನಿಟೈಸರ್ ಹಚ್ಚಿ ಡಬ್ಬಿ ಹಿಡಿದರೂ ಕೆಂಪು ದೀಪ. ಬೇರೆಯವನ ಕೈಲಿ ಊದಿಸಿದರೆ ಏನು ಗತಿ ಅಂತ ಎಲ್ಲರೂ ಕೇಳ್ತಾರೆ. ಅದಕ್ಕೊಂದು ಉಪಾಯ ಇದೆ, ಬರೆದರೆ ನಾಳೆಯೇ ಬಾಮೈದ ಓದ್ತಾನೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿನ ಸಾಮಾನು, ಡಬ್ಬಿ ಎಲ್ಲಾ ಸೇರಿ ಒಂದಕ್ಕೆ 1,100 ಆಸುಪಾಸು ಬೀಳುತ್ತೆ. ಕಲಿಯೋಕೆ ಸುಟ್ಟದ್ದು ಹದಿನೈದು ಸಾವಿರ ದಾಟಿರಬೇಕು. 1,500ಕ್ಕೆ ಕೊಡ್ತೀನಿ ಅಂದ್ರೆ ಚೌಕಾಸಿ ಮಾಡ್ತಾರೆ, ಅದೇ ಜನ ಕುಡಿದು ಓಡಿಸಿ ಸಿಕ್ಕಿಬಿದ್ದರೆ 10,000 ದಂಡ ಕಟ್ತಾರೆ.

ಮೊನ್ನೆ ಬೀಗರೂಟದಲ್ಲಿ ಮೂರು ಕೀ ಒಳಗಿದ್ದವು. ರಾತ್ರಿ ಬಾಮೈದ ಹನ್ನೊಂದು ಸಲ ಊದಿ, ನನಗೆ ಬೈದು, ಜಮಖಾನದ ಮೇಲೇ ಮಲಗಿದ. ಬೆಳಿಗ್ಗೆ ಆರೂವರೆಗೆ ಎದ್ದು ಮುಖ ತೊಳೆದು ಊದಿದ. ಆಗಲೂ ಕೆಂಪು. "ಭಾವ, ನಿಮ್ ಡಬ್ಬಿ ಕೆಟ್ಟಿದೆ" ಅಂದ. ಫ್ಯೂಯೆಲ್ ಸೆಲ್ ಮೀಟರು ಕೊಟ್ಟೆ, ಅದೂ ಸೊನ್ನೆ ತೋರಿಸಲಿಲ್ಲ. ಇಡ್ಲಿ ತಿಂದು, ಪೇಪರ್ ಓದಿ, ಒಂಬತ್ತು ದಾಟಿದ ಮೇಲೆ ಚಿಲಕ ಟಕ್ ಅಂತು.